ತೋಡಿನಾಚೆಯ ದನಿ

ಜಸ್ಟಿಸ್ ಪಿಯುಸ್ ಕಸ್ತಲಿನೊ ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, ಬೆಂಗಳೂರಿನ ಒಂದು ಕಾನೂನು ಕಾಲೇಜಿನವರು ಅವರ ಕಾಗದಪತ್ರಗಳನ್ನು ತಮ್ಮ ಗ್ರಂಥಾಲಯದಲ್ಲಿ ಕಾಪಾಡಿ ಇಡುತ್ತೇವೆಂದು ಕೇಳಿಕೊಂಡರು. ಆಗ ಅವರು ಮಸ್ಕತ್ತಿನ ಅಲ್ ಹೈಲ್‌ನಲ್ಲಿ ಮಗಳು ಆಲ್ಬಿನಾ, ಅಳಿಯ ಬಾಸಿಲ್ ಇವರ ಮನೆಯಲ್ಲಿದ್ದರು. ಹೆಂಡತಿ ಹೋದ ಮೇಲೆ ಅವರಿಗೆ ಮರೆವು ಹತ್ತಿತ್ತು. ಮಗಳು ಕರೆಯಲು ಬಂದಾಗ, ಕಾಗದಪತ್ರಗಳ ಟ್ರಂಕುಗಳನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಹಾಗಾಗಿ ಕರ್ನಾಟಕ ಹೈಕೋರ್ಟಿನ ಒಬ್ಬ ನ್ಯಾಯಾಧೀಶರ ಇಡೀ ಜೀವಮಾನ ಹಡಗಿನಲ್ಲಿ ಒಮಾನಿಗೆ ಬಂದು, ಊಟದ ಕೋಣೆಯ ಗೋಡೆಗೆ ಆನಿಕೊಂಡು ಕೂತಿತ್ತು.

ಆಲ್ಬಿನಾ ಶಾಲೆಯ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದವಳು ಊಟವಾದ ಮೇಲೆ ಅಪ್ಪನ ಜೊತೆ ಕೂತು ಕಡತಗಳನ್ನು ಬಿಚ್ಚುತ್ತಿದ್ದಳು. ಬೆಳಿಗ್ಗೆ ಏನು ತಿಂದೆ ಎನ್ನುವುದು ನೆನಪಿಲ್ಲದ ಮನುಷ್ಯ, ಪುತ್ತೂರಿನಲ್ಲಿ ಮುನ್ಸೀಫರಾಗಿದ್ದಾಗಿನ ಗೇಣಿ ವ್ಯಾಜ್ಯಗಳನ್ನು ಬಾಯಿಪಾಠ ಹೇಳುತ್ತಿದ್ದರು. ಕಾರವಾರದಲ್ಲಿ ಜಿಲ್ಲಾ ಜಡ್ಜ್ ಆಗಿದ್ದಾಗ ಕೈದಿಗಳ ಕಾಲಿನ ಸರಪಳಿ ತೆಗೆಸಿದ್ದನ್ನು ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು. ಅವಳು ಎಲ್ಲವನ್ನೂ ಚೀಟಿಗಳಲ್ಲಿ ಬರೆದು ಕಡತಕ್ಕೆ ಸಿಕ್ಕಿಸುತ್ತಿದ್ದಳು. ಆ ಮಧ್ಯಾಹ್ನಗಳಲ್ಲಿ ಅವಳಿಗೆ ಹಳೆಯ ಅಪ್ಪ ಸಿಕ್ಕಿದ್ದರು.

ಬೇಸಿಗೆ ಬರುವಷ್ಟರಲ್ಲಿ ಅದೂ ಜಾರತೊಡಗಿತು. ಒಂದು ದಿನ ತಮ್ಮದೇ ತೀರ್ಪನ್ನು ಓದಿ ತಲೆದೂಗಿದರು.

"ಚೆನ್ನಾಗಿ ಬರೆದಿದ್ದಾನೆ. ಯಾರಿವನು?"

"ನೀವೇ ಪಪ್ಪಾ."

ಅವರು ನಾಚಿಕೊಂಡು ನಕ್ಕರು. ಆ ನಗುವನ್ನು ನೋಡಲಾಗದೆ ಆಲ್ಬಿನಾ ಮುಂದೆ, ತೀರ್ಪು ಅವರದೇ ಎಂದು ಹೇಳುವುದನ್ನೇ ಬಿಟ್ಟಳು.

ದೂಮಪ್ಪನ ಕಡತ ಸಿಕ್ಕಿದ್ದು ಜೂನ್‌ನಲ್ಲಿ. ಪುತ್ತೂರಿನ ಕಡೆಯ ಒಬ್ಬ ಕೂಲಿ. ಧಣಿಯನ್ನೂ ಧಣಿಯ ತಮ್ಮನನ್ನೂ ಕತ್ತಿಯಿಂದ ಕಡಿದು ಕೊಂದ ಎಂದು ಕೆಳಗಿನ ಕೋರ್ಟು ಗಲ್ಲು ವಿಧಿಸಿತ್ತು. ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಾಧೀಶರ ಪೀಠ ಅದನ್ನು ಖಾಯಂ ಮಾಡಿತು. ತೀರ್ಪು ಬರೆದವರು ಕಸ್ತಲಿನೊ. ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವನನ್ನು ನೇಣಿಗೆ ಹಾಕಿದ್ದರು.

ಅಪ್ಪ ಕಡತ ಓದುತ್ತಿದ್ದರು. ಅಡುಗೆಮನೆಯಿಂದ ಆಲ್ಬಿನಾ ಚಹಾ ಬೇಕೇ ಎಂದು ಕೂಗಿದಳು. ಕಿಟಕಿಯ ಎ.ಸಿ. ಭರ್ರೆನ್ನುತ್ತಿತ್ತು. ಮತ್ತೆ ಕೂಗಿದಳು. ಉತ್ತರವಿಲ್ಲ. ಬಾಗಿಲಿಗೆ ಬಂದು ನಿಂತಾಗ ಅವರು ಮುಖ ಎತ್ತಿದರು.

"ಕರೆದೆಯಾ?"

"ಆಗಿನಿಂದ ಕರೀತಿದ್ದೇನೆ. ಎ.ಸಿ. ಶಬ್ದದಲ್ಲಿ ಕೇಳಿಸ್ಲಿಲ್ಲ ನಿಮಗೆ."

ಅವರು ಒಮ್ಮೆ ಎ.ಸಿ.ಯನ್ನು, ಒಮ್ಮೆ ಕಡತವನ್ನು ನೋಡಿದರು. ಎದ್ದು ಹೋಗಿ ಅದನ್ನು ಆರಿಸಿದರು. ಮತ್ತೆ ಹಾಕಿದರು.

"ಆಲ್ಬಿ, ಇಲ್ಲಿ ನೋಡು. ಒಬ್ಬನೇ ಸಾಕ್ಷಿ. ಕತ್ತಲೆ, ಮುಖ ಕಾಣಲಿಲ್ಲ, ತೋಡಿನ ಆಚೆ ದಡದಿಂದ ದೂಮಪ್ಪನ ದನಿ ಗುರುತಿಸಿದೆ ಅಂತಾನೆ. ಘಟನೆ ಯಾವಾಗ? ಆಟಿ ತಿಂಗಳು, ಜಡಿಮಳೆಯ ಕಾಲ. ನಮ್ಮ ಕಡೆ ಆಟಿಯಲ್ಲಿ ತೋಡಿನ ನೀರು ಹೇಗೆ ಮೊರೆಯುತ್ತದೆ! ಪಕ್ಕದಲ್ಲಿ ನಿಂತವನ ಮಾತು ಕೇಳಿಸುವುದಿಲ್ಲ. ಈ ಜಡ್ಜ್ ಇದನ್ನು ಕೇಳಲೇ ಇಲ್ಲವಲ್ಲ! ಯಾವ ಊರಿನವನು ಇವನು?"

ಆಲ್ಬಿನಾ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು.

ಅವರು ಪೆನ್ಸಿಲ್ ತೆಗೆದುಕೊಂಡು ಸಂಜೆಯವರೆಗೆ ಬರೆದರು. ಅಕ್ಷರ ಸೊಟ್ಟಗಾಗಿತ್ತು, ವಾದ ಸೊಟ್ಟಗಾಗಿರಲಿಲ್ಲ. ಸಂಶಯದ ಲಾಭ ಆರೋಪಿಗೆ ಸಲ್ಲಬೇಕು, ಶಿಕ್ಷೆ ರದ್ದು, ಕೂಡಲೇ ಬಿಡುಗಡೆ ಮಾಡತಕ್ಕದ್ದು ಎಂದು ಬರೆದು ಸಹಿ ಹಾಕಿದರು.

"ಜೈಲಿಗೆ ತಂತಿ ಕೊಡು. ಈಗಲೇ. ತಡವಾದರೆ ಅವನ ಪ್ರಾಣ ಹೋಗಿಬಿಡುತ್ತದೆ," ಎಂದು ಅಳತೊಡಗಿದರು. ಅಪ್ಪ ಅತ್ತದ್ದನ್ನು ಅವಳು ಅಮ್ಮನ ಶವದ ಮುಂದೆಯೂ ನೋಡಿರಲಿಲ್ಲ.

"ಬಾಸಿಲ್ ಆಫೀಸಿನಿಂದ ಫ್ಯಾಕ್ಸ್ ಮಾಡಿಸ್ತೇನೆ ಪಪ್ಪಾ," ಎಂದಳು. ಮರುದಿನ ಅವರು ಕೇಳಿದಾಗ, "ಉತ್ತರ ಬಂತು. ಬಿಟ್ಟರಂತೆ," ಎಂದಳು. ಅವರು ಶಿಲುಬೆಯ ಗುರುತು ಮಾಡಿಕೊಂಡು ಹೊಟ್ಟೆ ತುಂಬ ಉಂಡರು.

ಬಾಸಿಲ್ ಮಾವನ ಆ ಹಾಳೆಗಳನ್ನು ಓದಿ ಮಡಚಿಟ್ಟ. "ಇದನ್ನು ಕಾಲೇಜಿಗೆ ಕಳಿಸಬೇಡ ಆಲ್ಬಿ. ಮಾಂವ್ ಗಳಿಸಿದ ಹೆಸರೆಲ್ಲ ಮಣ್ಣಾಗ್ತದೆ. ಕಾಯಿಲೆ ಮನುಷ್ಯ ಬರೆದದ್ದು ಅಂತ ಹರಿದು ಹಾಕು." ಅವಳು ಹರಿಯಲಿಲ್ಲ. ಕಳಿಸುವ ಧೈರ್ಯವೂ ಬರಲಿಲ್ಲ.

ಚಳಿಗಾಲದ ಒಂದು ಶುಕ್ರವಾರ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಕಾರಿನಲ್ಲಿ ಬರುತ್ತಿದ್ದರು. ಹಿಂದಿನ ಸೀಟಿನಿಂದ ಅಪ್ಪನ ದನಿ ಬಂತು, ಕೋರ್ಟಿನಲ್ಲಿ ಕೇಳುತ್ತಿದ್ದಂಥ ಸ್ಪಷ್ಟ ದನಿ.

"ಆಲ್ಬಿ, ದೂಮಪ್ಪನನ್ನು ನೇಣಿಗೆ ಹಾಕಿದರಲ್ಲವೇ?"

ಬಾಸಿಲ್ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ.

"ಹೌದು ಪಪ್ಪಾ."

"ತೀರ್ಪು ನನ್ನದೇ."

"ಹೌದು."

"ಅವನನ್ನು ಗಲ್ಲಿಗೆ ಏರಿಸಿದ್ದು ಮರುದಿನ ಪೇಪರಿನಲ್ಲಿ ಬಂದಿತ್ತು. ನಿನ್ನ ಅಮ್ಮ ಗಂಜಿ ಬಡಿಸಿದಳು. ನಾನು ಉಂಡೆ ಆಲ್ಬಿ. ಉಂಡು ಕೋರ್ಟಿಗೆ ಹೋದೆ." ಮತ್ತೆ ಕೇಳಿದರು. "ಬದುಕಿದ್ದಾನೆ ಅಂತ ಯಾಕೆ ಹೇಳಿದೆ?"

"ನೀವು ಅಳ್ತಿದ್ದಿರಿ."

ಅವರು ಮುಂದಕ್ಕೆ ಬಾಗಿ ಅವಳ ತಲೆಯ ಮೇಲೆ ಕೈಯಿಟ್ಟರು. "ನಾನು ಬರೆದದ್ದನ್ನು ಆ ಕಡತದಲ್ಲೇ ಇಡು. ಎರಡೂ ಒಟ್ಟಿಗೆ ಇರಲಿ."

ಬಾಸಿಲ್ ಎದುರಾಡಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಅಪ್ಪನ ಕಣ್ಣು ಮತ್ತೆ ಮಂಕಾಗಿತ್ತು. ಇಳಿಯುವಾಗ, "ಜೈಲಿಗೆ ತಂತಿ ಹೋಯಿತೇ?" ಎಂದು ಕೇಳಿದರು. ಅವಳು ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.

ಟ್ರಂಕುಗಳು ಪೆನ್ಸಿಲಿನ ಹಾಳೆಗಳ ಸಮೇತ ಬೆಂಗಳೂರಿಗೆ ಹೋದವು. ಅಪ್ಪ ಮುಂದಿನ ವರ್ಷ ತೀರಿಕೊಂಡರು. ಕೊನೆಯ ವಾರ ಮಗಳನ್ನು ನರ್ಸ್ ಎಂದುಕೊಂಡು ಸಿಸ್ಟರ್ ಎಂದು ಕರೆಯುತ್ತಿದ್ದರು. ಶವವನ್ನು ವಿಮಾನದಲ್ಲಿ ಊರಿಗೆ ಒಯ್ದು, ಹೆಂಡತಿಯ ಪಕ್ಕದಲ್ಲಿ ಮಣ್ಣು ಮಾಡಿದರು.

ಮಸ್ಕತ್ತಿಗೆ ಹಿಂದಿರುಗುವ ಮೊದಲು ಆಲ್ಬಿನಾ ಟ್ಯಾಕ್ಸಿ ಮಾಡಿಕೊಂಡು ದೂಮಪ್ಪನ ಊರಿಗೆ ಹೋದಳು. ಅವನ ತಾಯಿ ಎಂದೋ ಸತ್ತಿದ್ದಳು. ತಮ್ಮ ಕೊರಗಪ್ಪ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. ತಾನು ಯಾರೆಂದು ಹೇಳಿದಳು. ಅವನ ಕೈ ನಿಂತಿತು.

"ನಮ್ಮ ತಂದೆ ಸಾಯುವ ಮೊದಲು ಕಡತವನ್ನು ಮತ್ತೆ ಓದಿದರು. ನಿಮ್ಮ ಅಣ್ಣನಿಗೆ ಶಿಕ್ಷೆ ಆಗಬಾರದಿತ್ತು ಅಂತ ಬರೆದಿಟ್ಟಿದ್ದಾರೆ."

ಕೊರಗಪ್ಪ ಬೆತ್ತದ ಸೀಳನ್ನು ಕೆಳಗಿಟ್ಟ.

"ಅದು ನಮಗೆ ಆವತ್ತೇ ಗೊತ್ತಿತ್ತು ಅಮ್ಮಾ," ಎಂದ.

ಅವಳು ತಲೆ ತಗ್ಗಿಸಿದಳು. ಅವನು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟ. ಅವಳು ಕುಡಿಯುವವರೆಗೆ ಕಾದು ಕೇಳಿದ.

"ನಿಮ್ಮ ಅಪ್ಪ ಹೋಗುವಾಗ ತುಂಬ ಕಷ್ಟಪಟ್ಟರಾ?"

"ಹೌದು," ಎಂದಳು ಆಲ್ಬಿನಾ.

ಕೊರಗಪ್ಪ ಖಾಲಿ ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡ.