ಬರುವವರಿಗೆಂದು ಒರೆಸಿದ ಮನೆ

ಹೋಟೆಲಿನ ಕೋಣೆಗಳನ್ನು ಶುಚಿ ಮಾಡುವುದರಲ್ಲಿ ಅವಳದು ಹದಿನಾಲ್ಕು ವರ್ಷ ಪಳಗಿದ ಕೈ. ಹತ್ತು ಜನ ಕುಡಿದು ಕುಣಿದು ಹೋದ ಕೋಣೆಯನ್ನೂ ಇಪ್ಪತ್ತೇ ನಿಮಿಷದಲ್ಲಿ, ಅಲ್ಲಿ ಯಾರೂ ಎಂದೂ ಉಸಿರೇ ಆಡಿರಲಿಲ್ಲವೇನೋ ಎಂಬಂತೆ ಮಾಡಿಬಿಡುತ್ತಿದ್ದಳು. "ನೀನು ಕಳ್ಳರ ಜೊತೆ ಸೇರಿದ್ರೆ ಪೊಲೀಸರು ಮಣ್ಣು ಮುಕ್ಕಬೇಕಿತ್ತು ಕಣೇ" ಎಂದು ಮೇಲ್ವಿಚಾರಕಿ ನಗುತ್ತಿದ್ದಳು.

ಮಗಳಿಗೆ ಹದಿನಾರು. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಪಿಟೀಲು ಎಂಬ ಹೆಸರು ಅಂಟಿಕೊಂಡಿತ್ತು. ಆ ಪಿಟೀಲು ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುವ ಹಾಗೆ, ಅವಳ ನಿದ್ದೆಯನ್ನು ಯಾರೋ ಕದ್ದೊಯ್ದು ಎಲ್ಲೋ ಬಚ್ಚಿಟ್ಟಂತಿತ್ತು. ಆ ಬೆಳಿಗ್ಗೆ ಅವಳು ತಟ್ಟೆ, ಲೋಟ, ಕನ್ನಡಿ ಒಂದೂ ಬಿಡದೆ ಒಡೆದಳು. ಪುಸ್ತಕಗಳನ್ನು ಚಿಂದಿ ಮಾಡಿದಳು. ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾ, "ನಂಗೆ ಇರೋದೇ ಬೇಡ ಅಮ್ಮ" ಎಂದಳು.

ಕೆಳಮಹಡಿಯ ಟೈಲರಮ್ಮ ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದು, ಒಂದು ನಂಬರು ಬರೆದುಕೊಟ್ಟಳು. "ಪೊಲೀಸರಲ್ಲ, ಆಂಬುಲೆನ್ಸೂ ಅಲ್ಲ. ನಮ್ಮ ಬಡಾವಣೆಯವ್ರೇ ಕಟ್ಕೊಂಡಿರೋ ತಂಡ. ಇಬ್ರು ಮನೆಗೇ ಬಂದು ಕೂತು ಮಾತಾಡ್ತಾರೆ. ಪರಿಸ್ಥಿತಿ ಕೈಮೀರಿದ್ರೆ ಇಂಥಾ ಮಕ್ಕಳಿಗೇ ಅಂತ ಅವ್ರದ್ದೊಂದು ಮನೆ ಇದೆ, ಅಲ್ಲಿಟ್ಕೊಂಡು ನೋಡ್ಕೋತಾರೆ."

ಫೋನಿನಲ್ಲಿ ತಾಯಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆ ಕಡೆಯ ಹೆಂಗಸು, "ನಲವತ್ತು ನಿಮಿಷದಲ್ಲಿ ಬರ್ತೀವಿ. ನಿಮ್ಮ ಅದೃಷ್ಟ, ಇವತ್ತು ಒಂದು ಹಾಸಿಗೆ ಖಾಲಿ ಇದೆ" ಎಂದಳು.

ಮನೆಗೆ ಜನ ಬರುತ್ತಾರೆ. ನಲವತ್ತು ನಿಮಿಷ ಇದೆ. ಅಷ್ಟು ಸಾಕಾಯಿತು ಆ ಕೈಗಳಿಗೆ.

ಗಾಜಿನ ಚೂರೆಲ್ಲ ಚೀಲ ಸೇರಿ ಹಿಂದಿನ ಮೆಟ್ಟಿಲಿನ ಕಸದ ಡಬ್ಬಕ್ಕೆ ಹೋಯಿತು. ಚಿಂದಿ ಹಾಳೆಗಳೂ ಅದರ ಹಿಂದೆಯೇ. ಸಾಮಾನು ಬಡಿದು ಗೋಡೆಯಲ್ಲಾದ ಗುಳಿಯ ಮೇಲೆ ಕ್ಯಾಲೆಂಡರ್ ಬಂತು. ಹೊಸ ಹೊದಿಕೆಯ ನಾಲ್ಕೂ ಮೂಲೆಗಳು ಮಡಿಕೆ ಸರಿಯಾಗಿ ಹಾಸಿಗೆಯಡಿಗೆ ಸೇರಿದವು. ಕೊನೆಗೆ ಮಗಳ ತಲೆ ಬಾಚಿ, ಹಣೆಯ ಬಾವು ಮುಚ್ಚುವಂತೆ ಕೂದಲು ಇಳಿಬಿಟ್ಟಳು. ಪಿಟೀಲು ಗೊಂಬೆಯ ಹಾಗೆ ಕೂತು, ಅಮ್ಮನ ಕೈ ಹೋದಲ್ಲೆಲ್ಲ ಕಣ್ಣು ಹೊರಳಿಸುತ್ತಿದ್ದಳು.

ಬಂದವರು ಒಬ್ಬ ಸಲಹೆಗಾರ್ತಿ ಮತ್ತು ಅವಳ ಜೊತೆಗಾರ; ಹಿಂದೆ ಬಸ್ಸು ಓಡಿಸುತ್ತಿದ್ದವನಂತೆ, ದೊಡ್ಡ ಮೈ, ಮೆತ್ತನೆ ಮಾತು. ಅವರ ಕೆಲಸದ ರೀತಿಯೇ ಹಾಗೆ: ಮೊದಲು ಮನೆ ನೋಡುವುದು, ಆಮೇಲೆ ಮಗುವಿನೊಡನೆ ಒಂಟಿಯಾಗಿ ಮಾತು, ಕೊನೆಗೆ ಒಂದು ಕಾರ್ಡಿನಲ್ಲಿ ಹಸಿರು, ಹಳದಿ ಅಥವಾ ಕೆಂಪು ಗುರುತು. ಖಾಲಿ ಹಾಸಿಗೆ ಸಿಗುವುದು ಕೆಂಪಿಗೆ.

"ಸಾಮಾನೆಲ್ಲಾ ಒಡೆದುಹೋಯ್ತು ಅಂದಿದ್ರಲ್ಲಮ್ಮ ಫೋನಲ್ಲಿ?" ಎಂದ ಜೊತೆಗಾರ, ಸುತ್ತ ನೋಡುತ್ತಾ.

"ಅಯ್ಯೋ, ಒಂದೆರಡು ಲೋಟ. ಕೈಜಾರಿ..." ತಾಯಿಯ ನಾಲಿಗೆ ತನ್ನಷ್ಟಕ್ಕೇ ಹೇಳಿಬಿಟ್ಟಿತು. ಅವಳು ಹೇಳಬೇಕೆಂದಿದ್ದುದು ಅದಲ್ಲ. ಆದರೆ ಅಪರಿಚಿತರ ಮುಂದೆ ಮಗಳ ಮರ್ಯಾದೆ ತೆಗೆಯುವುದು ಹೇಗೆ? ಸರಿಪಡಿಸೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಸಲಹೆಗಾರ್ತಿ, "ಸ್ವಲ್ಪ ಹೊತ್ತು ಆಚೆ ಇರ್ತೀರಾ ಅಮ್ಮ?" ಎಂದಳು.

ಅವಳು ಮೆಟ್ಟಿಲ ಮೇಲೆ ಕೂತಳು. ಅರ್ಧ ಗಂಟೆ ಒಳಗಿನಿಂದ ಒಂದೇ ಒಂದು ಜೋರು ದನಿ ಬರಲಿಲ್ಲ. ನೆಮ್ಮದಿಯಾಯಿತು. ಆ ನೆಮ್ಮದಿಗೇ ಆಮೇಲೆ ಕೆನ್ನೆಗೆ ಹೊಡೆದುಕೊಳ್ಳಬೇಕಾಯಿತು.

"ಚೆನ್ನಾಗಿ ಮಾತಾಡಿದ್ಲು. ನಿನ್ನೆ ನಿದ್ದೆ ಬಂತಂತೆ, ಈಗ ಪರವಾಗಿಲ್ಲವಂತೆ" ಎಂದಳು ಹೊರಬಂದ ಸಲಹೆಗಾರ್ತಿ. "ಸದ್ಯಕ್ಕೆ ಹಳದಿ. ಒಂಬತ್ತು ದಿನ ಬಿಟ್ಟು ಬರ್ತೀವಿ. ಏನೇ ಆದ್ರೂ ಫೋನ್ ಮಾಡಿ."

ನಿದ್ದೆ ಬಂತೇ? ರಾತ್ರಿಯಿಡೀ ಆ ಕೋಣೆಯಲ್ಲಿ ಹೆಜ್ಜೆ ಸದ್ದು ಎಣಿಸಿದ್ದವಳು ಇವಳೇ. ಆದರೂ ತಲೆ ಆಡಿಸಿದಳು. ಅಷ್ಟು ಓದಿದವರು ನೋಡಿ ಹೇಳುತ್ತಿದ್ದಾರೆ, ತನಗೇನು ಗೊತ್ತು?

ಒಳಗೆ ಹೋದಾಗ ಮಗಳು ಹಾಸಿಗೆಯ ಅಂಚು ಹಿಡಿದು ನೆಟ್ಟಗೆ ಕೂತಿದ್ದಳು.

"ಹೋದ್ರಾ ಅಮ್ಮ?"

"ಹೋದ್ರು ಕಂದ."

"ಹಂಗಾದ್ರೆ ಇನ್ನು ಬಿಡಬಹುದಾ?"

ಹಿಡಿದ ಅಂಚನ್ನು ಬಿಟ್ಟಳು. ಹಲ್ಲು ಕಟಕಟ ಎನ್ನತೊಡಗಿತು, ಮೈಯೆಲ್ಲ ಅದುರಿತು, ನೆಲಕ್ಕೆ ಜಾರಿದಳು. ತಾಯಿ ಓಡಿ ಅಪ್ಪಿಕೊಂಡಳು. "ಯಾಕೆ ಮಗಳೇ, ಯಾಕೆ ಅವ್ರಿಗೆ ನಿಜ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಎಲ್ಲಾ ಸರಿ ಮಾಡಿದ್ದೆ. ನಾನು ಹಾಳು ಮಾಡೋದಾ ಅನ್ನಿಸ್ತು. ನೀನೂ ಸುಳ್ಳು ಹೇಳ್ದೆ. ಹಂಗೇ ಹೇಳ್ಬೇಕೇನೋ ಅಂದ್ಕೊಂಡೆ."

ಮುಕ್ಕಾಲು ಗಂಟೆಯಾದರೂ ನಡುಕ ನಿಲ್ಲದಿದ್ದಾಗ ತಾಯಿ ಒಂದು ಕೈಯಲ್ಲಿ ಮಗಳನ್ನು ಹಿಡಿದೇ ಇನ್ನೊಂದರಲ್ಲಿ ಫೋನ್ ಒತ್ತಿದಳು. ಸಲಹೆಗಾರ್ತಿಯೇ ಎತ್ತಿದಳು, ಹಿಂದೆ ಬೇರೆ ಯಾರದೋ ಮನೆಯ ಅಳು ಕೇಳುತ್ತಿತ್ತು.

"ಮೇಡಂ, ನಾನು ಹೇಳಿದ್ದು ಸುಳ್ಳು. ಎಲ್ಲಾ ನಾನೇ ಒರೆಸಿ ಇಟ್ಟಿದ್ದೆ. ಚೂರೆಲ್ಲಾ ಡಬ್ಬದಲ್ಲೇ ಇದೆ. ಬೇಕಾದ್ರೆ ತಂದು ವಾಪಸ್ ಸುರೀತೀನಿ, ಬಂದು ನೋಡಿ ಮೇಡಂ. ಆ ಹಾಸಿಗೆ..."

"ಹಾಸಿಗೆ ಈಗಷ್ಟೇ ಕೊಟ್ಟೆ ಅಮ್ಮ. ಇಲ್ಲಿ ಇನ್ನೊಂದು ಮಗು..." ಸಲಹೆಗಾರ್ತಿಯ ದನಿ ಇಳಿಯಿತು. "ನಾನೂ ಎರಡು ಸಲ ಕೇಳ್ಬೇಕಿತ್ತು. ಇಲ್ಲಿ ಮುಗಿಸ್ಕೊಂಡು ಆರು ಗಂಟೆಗೆ ಬರ್ತೀನಿ. ಅಲ್ಲಿವರೆಗೂ ಅವಳನ್ನ ಒಂದು ಕ್ಷಣವೂ ಒಂಟಿ ಬಿಡ್ಬೇಡಿ. ಜಾಸ್ತಿಯಾದ್ರೆ ಕಾಯ್ಬೇಡಿ, ಸೀದಾ ದೊಡ್ಡಾಸ್ಪತ್ರೆ. ಅಲ್ಲಿ ಹೊತ್ತಾಗುತ್ತೆ, ಆದ್ರೂ ಹೋಗಿ."

ತಾಯಿ ಗೋಡೆಗೊರಗಿ ನೆಲದಲ್ಲೇ ಕೂತಳು. ಏನಾದರೂ ಮಾಡಲು ಹಂಬಲಿಸುತ್ತಿದ್ದ ಕೈಗಳಿಗೆ ಮಗಳನ್ನು ಹಿಡಿದಿರುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಹಿಡಿದಷ್ಟೂ ಆ ಮೈ ನಡುಗಿತು.

"ಅಮ್ಮ, ಎಷ್ಟು ಗಂಟೆ?"

"ಒಂದೂ ಕಾಲು."

"ಆರಾಗೋಕೆ ಇನ್ನೂ ಎಷ್ಟೊತ್ತು?"

"ಆಗೋಗುತ್ತೆ ಕಂದ."

ಪಿಟೀಲು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. ಮತ್ತೆ ಕೇಳಿದಳು, "ಈಗ ಎಷ್ಟು ಗಂಟೆ?"