ನುಣ್ಣಗೆ ಅರೆದದ್ದು

ಅತ್ತೆಯ ಮೂಗಿನೊಳಗಿಂದ ತೆಗೆದ ಕಾಳಿನಷ್ಟು ಮಾಂಸದ ಚೂರು ನಮ್ಮ ಲ್ಯಾಬಿಗೆ ಬಂದಾಗ ಅದನ್ನು ನಾನು ಯಾರ ಕೈಗೂ ಕೊಡಲಿಲ್ಲ. ರೋಗ ತರುವ ಶಿಲೀಂಧ್ರಗಳನ್ನು ಬೆಳೆಸಿ ಗುಂಪು ಗುರುತಿಸುವುದೇ ನನ್ನ ಹದಿನಾಲ್ಕು ವರ್ಷದ ಕೆಲಸ. ಸಕ್ಕರೆ ಕಾಯಿಲೆಯಿದ್ದ ಅತ್ತೆಯ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಯಾವ ಶಿಲೀಂಧ್ರವೆಂದು ತಿಳಿದರೆ ಸರಿಯಾದ ಔಷಧಿ. ತಡವಾದರೆ ಕಣ್ಣಷ್ಟೇ ಅಲ್ಲ, ಜೀವಕ್ಕೇ ಸಂಚಕಾರ.

ಅರ್ಧ ಚೂರನ್ನು ಎತ್ತಿಟ್ಟು, ಉಳಿದರ್ಧವನ್ನು ಪುಟ್ಟ ಕುಟ್ಟಾಣಿಗೆ ಹಾಕಿ ಅರೆದೆ. ನಮ್ಮ ಅತ್ತೆಯದ್ದಲ್ಲವೇ ಎಂದು ಹತ್ತು ಸುತ್ತು ಹೆಚ್ಚೇ ಅರೆದೆ. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳ ಪುಡಿಪುಡಿ ತುಂಡುಗಳು ಮಾತ್ರ ಕಂಡವು. ಆಗಾಗ ಸಿಗುವ ಆಸ್ಪರ್ಜಿಲಸ್ ಶಿಲೀಂಧ್ರವೇ ಇರಬೇಕೆಂದು ಬರೆದುಕೊಟ್ಟೆ. ಅದರ ಔಷಧಿ ಶುರುವಾಯಿತು.

ಅರೆದದ್ದನ್ನು ಬೆಳೆಯಲೆಂದು ಹರಡಿಟ್ಟ ಮುಚ್ಚಳದ ತಟ್ಟೆಯಲ್ಲಿ ಎರಡು ದಿನವಾದರೂ ಏನೂ ಬೆಳೆಯಲಿಲ್ಲ. ಅತ್ತೆಯ ಕೆನ್ನೆ ಕಪ್ಪಾಗತೊಡಗಿತು. ರಜೆ ಮುಗಿಸಿ ಬಂದ ನಮ್ಮ ಲ್ಯಾಬಿನ ಡಾಕ್ಟರಮ್ಮ ಖಾಲಿ ತಟ್ಟೆಯನ್ನು ಬೆಳಕಿಗೆ ಹಿಡಿದು, "ಅರೆದ್ಬಿಟ್ಯಾ?" ಎಂದರು.

ಹೊಸಬರಿಗೆ ನಾನೇ ಹೇಳಿಕೊಡುವ ಪಾಠ ಅದು. ಆಸ್ಪರ್ಜಿಲಸ್ಸಿನ ಎಳೆಗಳಿಗೆ ಅಲ್ಲಲ್ಲಿ ಅಡ್ಡಗೋಡೆಗಳಿರುತ್ತವೆ, ಒಂದು ಕಡೆ ಮುರಿದರೂ ಉಳಿದ ಕೋಣೆಗಳು ಬದುಕುತ್ತವೆ. ಕಪ್ಪು ಶಿಲೀಂಧ್ರ ರೋಗ ತರುವ ಮ್ಯೂಕರ್ ಗುಂಪಿನ ಎಳೆಗಳಿಗೆ ಗೋಡೆಗಳು ಇಲ್ಲವೇ ಇಲ್ಲವೆನ್ನಬಹುದು. ಅರೆದರೆ ಒಳಗಿನ ಜೀವರಸವೆಲ್ಲ ಸೋರಿ ಸತ್ತುಹೋಗುತ್ತವೆ. ಬ್ಲೇಡಿನಲ್ಲಿ ಮೆಲ್ಲಗೆ ಹೆಚ್ಚಬೇಕು. ನನ್ನ ಅಕ್ಕರೆಗಿಷ್ಟು ಬೆಂಕಿ ಹಾಕ!

ಎತ್ತಿಟ್ಟಿದ್ದ ಅರ್ಧವನ್ನು ಹೆಚ್ಚಿ, ಸ್ವಲ್ಪ ಹೊಸ ತಟ್ಟೆಗೆ ಹಾಕಿ, ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ರಿಬ್ಬನ್ನಿನಂಥ ಅಗಲವಾದ ಎಳೆಗಳು, ಗೋಡೆಯಿಲ್ಲದವು. ಮ್ಯೂಕರ್. ಅಂದೇ ಔಷಧಿ ಬದಲಾಯಿಸಿ ಆಪರೇಷನ್ನಿಗೆ ಒಯ್ದರು. ಮರುದಿನ ತಟ್ಟೆಯ ಮುಚ್ಚಳ ಮುಟ್ಟುವಷ್ಟು ಹತ್ತಿಯಂಥ ಬೂದು ಬೂಷ್ಟು ಬೆಳೆದಿತ್ತು. ಅತ್ತೆಯ ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ.

ಆಪರೇಷನ್ನಾದ ಐದನೇ ದಿನ ವಾರ್ಡಿನಲ್ಲಿ ಅವರ ಪಟ್ಟಿ ಕಟ್ಟಿದ ಕಡೆಗೇ ಕುರ್ಚಿ ಎಳೆದುಕೊಂಡು ಕೂತೆ. ಮುಖ ತೋರಿಸಲು ನನಗೆ ಧೈರ್ಯವಿರಲಿಲ್ಲ. ಒಂದೂ ಬಿಡದೆ ಎಲ್ಲ ಹೇಳಿದೆ.

"ಎರಡು ದಿನ ಹಾಳು ಮಾಡಿದ್ದು ನಾನೇ ಅತ್ತೆ. ಜಾಸ್ತಿ ಅರೆದ್ಬಿಟ್ಟೆ."

ಅತ್ತೆ ಕಣ್ಣಿನ ಪಟ್ಟಿಯನ್ನು ಬೆರಳಿನಿಂದ ಸವರಿಕೊಂಡರು. ಬೈದರೂ ಸಾಕಿತ್ತು ಅನಿಸಿತು.

"ಮನೇಲಿ ಒಂದು ದಿನ ಏನಾದ್ರೂ ನುಣ್ಣಗೆ ಅರೆದಿದ್ದೀಯೇನೇ ನೀನು?" ಎಂದರು ಕೊನೆಗೆ.

ನನಗೆ ನಗು ಬರಲಿಲ್ಲ, ಬಿಕ್ಕಿ ಅಳು ಬಂತು. ಅವರ ಕೈ ಹಾಸಿಗೆಯ ಮೇಲೆ ತಡಕಾಡಿ ನನ್ನ ಮಣಿಕಟ್ಟು ಹಿಡಿಯಿತು.

"ಅಳೋದಿದ್ರೆ ಈ ಕಡೆ ಬಂದು ಅಳು. ಅಲ್ಲಿ ಕೂತ್ರೆ ನೀನು ನನಗೆ ಕಾಣಲ್ಲ."