ಬಾಟಲಿಯಲ್ಲಿ ಅಡಕೆ ಚೂರು

ಗುಂಯ್ ಅನ್ನುತ್ತಿದೆ ಮಿಷನ್ನು, ಒಳಗೆ ಹಳದಿ ದೀಪ ಹೊತ್ತಿದೆ, ಇನ್ನು ಐದು ನಿಮಿಷ, ಐದು ನಿಮಿಷಕ್ಕೆ ನನ್ನ ಮಾನ ಉಳಿಯಿತೋ ಹೋಯಿತೋ, ಮಾನದ ಮಾತು ಬಿಡು ಯಶೋದ, ಹೊರಗೆ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಮಡಚಿ ಕೂತಿದ್ದಾಳಲ್ಲ ಶೃತಿ, ಶಾಗ್ಯ ಹಳ್ಳಿಯ ಹುಡುಗಿ, ನಾಳೆ ಬೆಳಿಗ್ಗೆ ಇದೇ ಹನೂರಿನಲ್ಲಿ ಅವಳಿಗೆ ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆ, ಅವಳ ಅಜ್ಜಿ ಹಾಲ್‌ಟಿಕೆಟ್ಟನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಬಂದಿದ್ದಾಳೆ — ಬಾಗಿಲಲ್ಲಿ ಆಂಬುಲೆನ್ಸು ನಿಂತಿದೆ, ಮೈಸೂರಿಗೆ ಹೊರಟರೆ ಪರೀಕ್ಷೆ ಹೋಯಿತು, ಹೊರಡದೆ ಉಳಿದು ನನ್ನ ಅನುಮಾನ ಸುಳ್ಳಾದರೆ ಹುಡುಗಿಯೇ ಹೋದಳು. ಅಂಗೈ ಬೆವರುತ್ತಿದೆ, ಹದಿನಾರು ವರ್ಷ ಈ ಲ್ಯಾಬಿನಲ್ಲಿ ಕೂತರೂ ಬೆವರುತ್ತದೆ. ಬೆಳಿಗ್ಗೆ ಇದೇ ಮಿಷನ್ನು ಅವಳ ಮೂತ್ರದಲ್ಲಿ ಅಮೈಲೇಸ್, ಅನ್ನ ಕರಗಿಸುವ ರಸ, ಆರು ಸಾವಿರದ ಇನ್ನೂರು ಅಂದಿತ್ತು, ಐನೂರರ ಒಳಗಿರಬೇಕಾದದ್ದು, ಹುಡುಗಿಗೆ ಸೂಜಿ ಅಂದರೆ ಜೀವ ಹೋಗುತ್ತದೆ, ನರ್ಸು ಎರಡು ಸಲ ಚುಚ್ಚಿಯೂ ನರ ಸಿಗದೆ ರಕ್ತದ ಬದಲು ಮೂತ್ರ ಕಳಿಸಿದ್ದರು, ಡಾಕ್ಟರ್ ಪ್ರಭುಸ್ವಾಮಿ ಚೀಟಿ ನೋಡಿದವರೇ, ಮೇದೋಜೀರಕ ಊದಿದೆ ಕಣ್ರಿ, ಇದು ನಮ್ಮ ಕೈಯಲ್ಲಿ ಆಗೋದಲ್ಲ, ಬರೀರಿ ಮೈಸೂರಿಗೆ. ಬರೆದೂ ಆಯಿತು, ಸಹಿಯೂ ಆಯಿತು.

ಆ ಚೂರು ಕಣ್ಣಿಗೆ ಬೀಳದಿದ್ದರೆ ಇಷ್ಟು ಹೊತ್ತಿಗೆ ಗಾಡಿ ಕೊಳ್ಳೇಗಾಲ ದಾಟಿರುತ್ತಿತ್ತು. ಬಾಟಲಿ ಎಸೆಯಲು ಕೈ ಎತ್ತಿದೆ, ಕಿಟಕಿ ಬೆಳಕಿಗೆ ಕಂಡಿತು, ತಳದಲ್ಲಿ ಸಾಸಿವೆ ಕಾಳಿನಷ್ಟು, ಕೆಂಪಗೆ, ಅಲುಗಿಸಿದರೆ ಎದ್ದು ಮತ್ತೆ ಕೂರುತ್ತದೆ, ಕಸ ಇರಬೇಕು ಅಂದುಕೊಂಡೆ, ಬೆಳಿಗ್ಗೆಯೂ ಹಾಗೇ ಅಂದುಕೊಂಡಿರಬೇಕು, ನನ್ನ ಕಣ್ಣಿಗೆ ಮಣ್ಣು ಹಾಕ — ಬಾಗಿಲ ಸಂದಿಯಲ್ಲಿ ಅಜ್ಜಿ ಕಂಡಳು, ಚಿಕ್ಕನಿಂಗಮ್ಮ, ಮೊಮ್ಮಗಳ ತಲೆ ಸವರುತ್ತಾ ಎಲೆಅಡಕೆ ಜಗಿಯುತ್ತಾ, ಬಾಯೆಲ್ಲ ಕೆಂಪು. ಅಡಕೆ. ಅಡಕೆ ಚೂರು ಉಚ್ಚೆ ಬಾಟಲಿಗೆ ಹೇಗೆ ಬಂತು, ನೆನಪಾಯಿತು, ಯಳಂದೂರಿನಲ್ಲಿ ಅವ್ವ ನಾನು ಮೊದಲ ದಿನ ಬಿಳಿ ಕೋಟು ಹಾಕಿ ಹೊರಟಾಗ ಬಾಗಿಲಿಗೆ ಅಡ್ಡ ನಿಂತು ಥೂ ಥೂ ಥೂ ಅಂದಿದ್ದಳು, ಕಣ್ಣಾಯ್ತದೆ ನಿಲ್ಲು ಮಗ, ಮುಖದ ಮೇಲೆಲ್ಲ ತುಂತುರು, ನಾನು ಸಿಟ್ಟಿನಲ್ಲಿ ಒರೆಸಿಕೊಂಡು ಬಸ್ಸು ಹತ್ತಿದ್ದೆ. ಹೊರಗೆ ಬಂದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ, ಅಜ್ಜಿ, ಬಾಟ್ಲಿ ಕೊಡಕ್ ಮುಂಚೆ ಏನಾರ ಮಾಡುದ್ರಾ, ಏನೂ ಇಲ್ಲ ಕಣವ್ವ, ನಿಜ ಹೇಳಿ ಅಜ್ಜಿ ಬಯ್ಯಲ್ಲ, ಮೊಗಿನ ಉಚ್ಚೆ ಯಾರ್ಯಾರ್ ಕೈಗೋ ಓಯ್ತದಲ್ಲವ್ವ, ಯಾವ ಪಾಪಿ ಕಣ್ಣು ಎಂಗಿರ್ತದೋ, ಅದ್ಕೇ ಮುಚ್ಚಳ ತೆಗ್ದು ಮೂರ್ ಸಲ ಥೂ ಥೂ ಅಂದೆ, ಅಷ್ಟೇಯ.

ಅಷ್ಟೇ ಅಂತೆ. ನಗು ಬಂತು, ಅಳುವೂ ಬಂತು, ಜೊಲ್ಲಿನಲ್ಲಿರುವುದೂ ಅದೇ ಅಮೈಲೇಸು, ರಾಶಿ ರಾಶಿ, ಹೊಟ್ಟೆಯದೋ ಬಾಯಿಯದೋ ಈ ಮಿಷನ್ನಿಗೆ ಗೊತ್ತಾಗುವುದಿಲ್ಲ, ಕೊಳ್ಳೇಗಾಲದ ಕಾಲೇಜಿನಲ್ಲಿ ಪ್ರಾಕ್ಟಿಕಲ್ ದಿನ ಮೇಡಮ್ಮು ಗಂಜಿನೀರಿಗೆ ಅಯೋಡಿನ್ ಬಿಟ್ಟು ನೀಲಿ ಮಾಡಿ, ಯಾರು ಉಗೀತೀರಿ ಅಂದಾಗ ಹುಡುಗಿಯರೆಲ್ಲ ನಾಚಿ ತಲೆ ಬಗ್ಗಿಸಿದರು, ನಾನೊಬ್ಬಳೇ ಮುಂದೆ ಹೋಗಿ ಉಗಿದೆ, ನೋಡನೋಡುತ್ತ ಜೊಲ್ಲು ಗಂಜಿಯನ್ನು ತಿಂದು ನೀಲಿ ಮಾಯ, ವರ್ಷವಿಡೀ ನನ್ನನ್ನು ಉಗಿಯೋ ಯಶೋದ ಅಂತಲೇ ಕರೆದರು, ಕರೆಯಲಿ, ಇವತ್ತು ಕೆಲಸಕ್ಕೆ ಬಂತಲ್ಲ. ಓಡಿಹೋಗಿ ಹೇಳಿದರೆ ಡಾಕ್ಟರು ನಂಬಲಿಲ್ಲ, ರಿಪೋರ್ಟ್ ಕೊಡೋದು ನಿಮ್ಮ ಕೆಲಸ ಯಶೋದಮ್ಮ, ಓದೋದು ನನ್ನ ಕೆಲಸ, ಅಜ್ಜಿ ಕತೆ ಕೇಳ್ಕೊಂಡು ಮಗೂನ ಇಲ್ಲಿಟ್ಕೊಳ್ಳಲಾ, ನಾನು ಬಾಗಿಲು ಬಿಡಲಿಲ್ಲ, ಅರ್ಧ ಗಂಟೆ ಕೊಡಿ ಸಾರ್, ರಕ್ತ ನಾನೇ ತೆಗೀತೀನಿ, ಮೂತ್ರ ನನ್ನ ಕಣ್ಣೆದುರಿಗೇ ಹಿಡಿಸ್ತೀನಿ. ಗಡಿಯಾರ ನೋಡಿದರು, ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಶೃತಿಯ ಮುಂಗೈ ಉಜ್ಜುತ್ತಾ ಹದಿನೇಳರ ಮಗ್ಗಿ ಹೇಳು ಅಂದೆ, ಹದಿನೇಳಾರಲ ಅನ್ನುವಷ್ಟರಲ್ಲಿ ರಕ್ತ ಬಂದಿತ್ತು, ಒಂದೇ ಏಟಿಗೆ, ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಹೊಸ ಮೂತ್ರ ಆಗಲೇ ಇನ್ನೂರ ಹತ್ತು ಅಂದಿದೆ, ಈಗ ರಕ್ತ, ರಕ್ತ ಸುಳ್ಳು ಹೇಳುವುದಿಲ್ಲ, ಬಾ ತಾಯಿ, ನೂರರ ಒಳಗೆ ಬಾ, ಗುಂಯ್ ನಿಂತಿತು, ದೀಪ ಆರಿತು, ಐವತ್ತೆಂಟು.

ಐವತ್ತೆಂಟು, ಕಣ್ಣುಜ್ಜಿ ನೋಡಿದರೂ ಐವತ್ತೆಂಟೇ, ಚೀಟಿ ಹಿಡಿದು ಓಡಿದೆ, ಚಪ್ಪಲಿ ಲ್ಯಾಬಿನಲ್ಲೇ ಉಳಿಯಿತು, ಡಾಕ್ಟರು ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದರು, ಎದ್ದು ಹೋಗಿ ಹುಡುಗಿಯ ಹೊಟ್ಟೆ ಒತ್ತಿ ಒತ್ತಿ ಕೇಳಿದರು, ಏನ್ ತಿಂದೆ, ಮಾವಿನ ಮಿಡಿ ಸಾ, ಎಷ್ಟು, ಓದ್ತಾ ಓದ್ತಾ ಲೆಕ್ಕ ಸಿಗ್ನಿಲ್ಲ ಸಾ, ಖಾರ ಉಪ್ಪು ಅಚ್ಕಂಡು, ಮೂರ್ ದಿನದಿಂದ ಅದೇಯ. ಮೈಸೂರಿನ ಕಾಗದ ಹರಿದು ಬುಟ್ಟಿಗೆ ಹಾಕಿದರು, ಆ ಪರ್‌ ಶಬ್ದ ಎಷ್ಟು ಚೆನ್ನಾಗಿತ್ತು, ಸಂಜೆವರೆಗೂ ಇಲ್ಲೇ ಇರ್ಲಿ ನೋಡೋಣ, ನಾಳೆ ಪರೀಕ್ಷೆ ಬರೀಲಿ, ಯಶೋದಮ್ಮ, ಇನ್ಮೇಲೆ ನೀವು ಓದಿ ಹೇಳಿದ ಮೇಲೇ ನಾನು ಓದ್ತೀನಿ. ಹದಿನಾರು ವರ್ಷಕ್ಕೆ ಒಂದು ಮಾತು, ಸಾಕು, ಹೊಟ್ಟೆ ತುಂಬಿತು, ಅವ್ವ ಇರಬೇಕಿತ್ತು ಕೇಳಲು. ಆಂಬುಲೆನ್ಸು ಖಾಲಿಯಾಗಿ ತಿರುಗಿಕೊಂಡು ಹೋಯಿತು, ಅಜ್ಜಿ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು ಎದ್ದಳು, ನನ್ನ ಗಲ್ಲ ಹಿಡಿದಳು, ಇಷ್ಟ್ ಬುದ್ಧಿ ಮಡಗಿದ್ದೀಯಲ್ಲ ನನ್ನವ್ವ, ನಿಂಗೂ ಕಣ್ಣಾಯ್ತದೆ, ನಿಲ್ಲು, ಬೇಡ ಅಜ್ಜಿ ಅನ್ನಬೇಕಿತ್ತು, ಅನ್ನಲಿಲ್ಲ, ನಿಂತೆ, ಥೂ ಥೂ ಥೂ, ಮುಖದ ಮೇಲೆ ತುಂತುರು, ಒರೆಸಿಕೊಳ್ಳಲು ಕೈ ಎತ್ತಿದೆ, ಕೈ ನಿಂತಿತು — ಬಿಳಿ ಕೋಟಿನ ಮೇಲೆ, ಜೇಬಿನ ಅಂಚಿಗೆ, ಸಾಸಿವೆ ಕಾಳಿನಷ್ಟು, ಕೆಂಪಗೆ, ಒಂದು ಅಡಕೆ ಚೂರು.